ಕೊಟ್ಟ ಮಾತಿಗೆ ಒಂದು ಪ್ರತಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಎದುರು ಯಾವ ಹೊತ್ತಿಗೆ ಹೋದರೂ ಪ್ರವಾಸಿ ಬಸ್ಸುಗಳ ಸಾಲು. ಎಳನೀರು ಕೊಚ್ಚುವ ಸದ್ದು, ಗೈಡುಗಳ ಕರೆ, ಸಾಲು ತಪ್ಪಿದ ಶಾಲಾ ಮಕ್ಕಳನ್ನು ಕೂಗುವ ಮೇಷ್ಟ್ರ ದನಿ. ಅಲ್ಲಿಂದ ಬಸ್ತಿಹಳ್ಳಿಯ ಕಡೆ ಹೊರಳಿದರೆ ಒಂದು ಕಿಲೋಮೀಟರು ತುಂಬುವ ಮೊದಲೇ ಆ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. ದಾರಿಯ ಬದಿಗೆ ತೆಂಗು, ಹಂಚಿನ ಮನೆಗಳು, ಅಂಗಳದಲ್ಲಿ ಒಣಗಲು ಹರವಿದ ಮುಸುಕಿನ ಜೋಳ, ಕೊಟ್ಟಿಗೆಯ ಮುಂದೆ ಮೆಲುಕು ಹಾಕುವ ಸೀಮೆಹಸು. ಅದರಾಚೆ ಹುಲ್ಲು ಹಾಸಿದ ಆವರಣದಲ್ಲಿ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ.

ಹೊರಗೋಡೆಗಳಲ್ಲಿ ಹೊಯ್ಸಳೇಶ್ವರದ ಆನೆ, ಕುದುರೆ, ರಾಮಾಯಣದ ಪಟ್ಟಿಕೆಗಳಿಲ್ಲ. ನೋಡಬೇಕಾದ್ದೆಲ್ಲ ಒಳಗಿದೆ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳನ್ನು ಕಡೆದು ಉಜ್ಜಿ ಹೊಳಪಿಟ್ಟ ರೀತಿ ಎಂಥದೆಂದರೆ ಎದುರು ನಿಂತವರ ಮುಖ ಕಲ್ಲಿನಲ್ಲಿ ಕಾಣುತ್ತದೆ. ಗರ್ಭಗುಡಿಯಲ್ಲಿ, ಹಾವಿನ ಹೆಡೆಗಳ ನೆರಳಿನಲ್ಲಿ, ಆಳೆತ್ತರವನ್ನು ಎಷ್ಟೋ ಮೀರಿದ ಪಾರ್ಶ್ವನಾಥ ನಿಂತಿದ್ದಾನೆ. ಪ್ರವಾಸಿಗರು ಕಂಬದಲ್ಲಿ ತಮ್ಮ ಮುಖ ನೋಡಿಕೊಂಡು, ಮೂರ್ತಿಗೆ ಕೈಮುಗಿದು ಹೊರಡುತ್ತಾರೆ. ಬಸದಿಯ ಶಾಸನದ ಮುಂದೆ ನಿಲ್ಲುವವರು ಕಡಿಮೆ. ನಿಂತು ಓದಿದವರಿಗೆ ಅಲ್ಲೊಂದು ಭೇಟಿಯ ಪೂರ್ತಿ ವರದಿ ಸಿಗುತ್ತದೆ.

ಈ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ತೀರಿಕೊಂಡ ತಂದೆಯ ನೆನಪಿಗೆ, ತಂದೆಯ ಬಿರುದಿನಿಂದಲೇ ಇದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟ. ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಗಂಧೋದಕ ಮತ್ತು ಶೇಷಾಕ್ಷತೆಯನ್ನು ಹಿಡಿದುಕೊಂಡು ದೊರೆಯಿದ್ದ ಬಂಕಾಪುರಕ್ಕೆ ಹೋದರು. ದೊರೆ ಆಗತಾನೆ ಮಸಣನೆಂಬ ಎದುರಾಳಿಯನ್ನು ಗೆದ್ದಿದ್ದ. ರಾಣಿ ಲಕ್ಷ್ಮೀದೇವಿಗೆ ಗಂಡುಮಗುವೂ ಆಗಿತ್ತು. ಬಂದವರನ್ನು ಕಂಡು ಎದ್ದು ಕೈಮುಗಿದ ವಿಷ್ಣುವರ್ಧನ, ಈ ದೇವರ ಪ್ರತಿಷ್ಠೆಯಿಂದಲೇ ಗೆಲುವೂ ದೊರೆತು ಮಗನೂ ಹುಟ್ಟಿದನೆಂದು ಹೇಳಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರು ಕೊಟ್ಟ. ಬಸದಿಯ ಖರ್ಚುವೆಚ್ಚಕ್ಕೆ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟ.

ಇಷ್ಟನ್ನೂ ಶಾಸನ ಹೇಳುತ್ತದೆ. ಯಾರು ಹೋದರು, ಎಲ್ಲಿಗೆ ಹೋದರು, ಏನು ಒಯ್ದರು, ಆಳುವವನು ಏನೆಂದ, ಏನು ಕೊಟ್ಟ. ಬಂಕಾಪುರದಲ್ಲಿ ಆಡಿದ ಮಾತು ಬಂಕಾಪುರದಲ್ಲೇ ಉಳಿದಿದ್ದರೆ, ದೊರೆಯ ಸಂತೋಷ ಮುಗಿದ ದಿನವೇ ಅದರ ಆಯುಸ್ಸೂ ಮುಗಿಯುತ್ತಿತ್ತು. ಹೋಗಿಬಂದವರು ಮಾತನ್ನು ಊರಿಗೆ ತಂದರು, ಬರೆಸಿದರು, ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿದರು. ಆಳುವವರನ್ನು ಕಂಡು ಬಂದ ಮೇಲೆ ಮಾಡಬೇಕಾದ ಕೆಲಸವನ್ನು ಬಸ್ತಿಹಳ್ಳಿ ಒಂಬತ್ತು ಶತಮಾನಗಳ ಹಿಂದೆಯೇ ಮಾಡಿ ಮುಗಿಸಿದೆ. ಆಳುವವರನ್ನು ನಾವೇ ಆರಿಸುವ ಈ ಕಾಲದಲ್ಲಿ ಆ ಅಭ್ಯಾಸ ನಮ್ಮಿಂದ ತಪ್ಪಿಹೋಗಿದೆ. ನನ್ನ ಕೊರಗು ಇದೇ.

ಈಗಿನ ಭೇಟಿಯ ಚಿತ್ರ ಯಾರಿಗೂ ಹೊಸದಲ್ಲ. ಪ್ರವಾಸಿ ಮಂದಿರದ ಜಗಲಿ. ಶಾಸಕರು ಬರುತ್ತಾರೆಂದು ಬೆಳಗಿನಿಂದ ಕಾದ ಜನ. ಬಿಳಿ ಪಂಚೆ, ಹಸಿರು ಶಾಲು, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಮನವಿ ಪತ್ರ. ಕಾರು ನಿಂತ ಕೂಡಲೇ ನೂಕುನುಗ್ಗಲು. ಹಾರ, ಶಾಲು, ಫೋಟೊ.

“ಏನಣ್ಣ, ಮಳೆ ಆಯ್ತಾ ನಿಮ್ ಕಡೆ?” ಎಂದು ಕೇಳುತ್ತಲೇ ಶಾಸಕರು ಮನವಿ ತೆಗೆದುಕೊಳ್ಳುತ್ತಾರೆ.

“ಎಲ್ಲಿ ಸಾರ್, ರಾಗಿ ಬಾಡ್ತಾ ಐತೆ. ನಮ್ ಊರಿನ ಚರಂಡಿ ಕೆಲ್ಸ ಒಂದು…”

“ಆಯ್ತು, ಮಾಡ್ಸೋಣ ಬಿಡಿ. ಇಂಜಿನಿಯರ್‌ಗೆ ಹೇಳ್ತೀನಿ.”

ಮನವಿಯ ಅಂಚಿನಲ್ಲಿ ಪೆನ್ನು ಓಡುತ್ತದೆ. ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಎಂಬ ಷರಾ, ಕೆಳಗೊಂದು ಸಹಿ. ಕಾಗದ ಆಪ್ತ ಸಹಾಯಕರ ಕೈ ಸೇರುತ್ತದೆ, ಅಲ್ಲಿಂದ ಕಟ್ಟಿನೊಳಗೆ. ಶಾಸಕರ ಮುಂದೆ ಇನ್ನೊಂದು ಊರಿನವರು ನಿಂತಾಗಿದೆ. ಊರಿಗೆ ಹಿಂತಿರುಗುವಾಗ ಟೆಂಪೋದಲ್ಲಿ ಕೂತವರ ಮುಖದಲ್ಲಿ ಗೆಲುವು. ‘ಮಾಡಿಸ್ತೀನಿ ಅಂದವ್ರೆ’ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಭೇಟಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ.

ಆರು ತಿಂಗಳ ನಂತರ ಅದೇ ಜನರನ್ನು ಕೇಳಿದರೆ ಒಬ್ಬರಿಗೆ ಶಾಸಕರು ಚರಂಡಿ ಅಂದ ನೆನಪು, ಇನ್ನೊಬ್ಬರಿಗೆ ರಸ್ತೆ ಅಂದ ನೆನಪು. ಕೊಟ್ಟ ಮನವಿಯ ನಕಲು ಯಾರಲ್ಲೂ ಇರುವುದಿಲ್ಲ. ಯಾವ ತಾರೀಕು ಎಂದರೆ ‘ಹಬ್ಬದ ಆಚೀಚೆ’ ಎಂಬ ಉತ್ತರ. ಮಾತು ಕೊಟ್ಟವರು ಮರೆತರೆಂದು ದೂರುವುದು ಸುಲಭ. ಮಾತು ಪಡೆದವರಾದರೂ ಅದನ್ನು ಎಲ್ಲಿಟ್ಟರು? ದಿನಕ್ಕೆ ನೂರಾರು ಜನರನ್ನು ಕಾಣುವ ಒಬ್ಬ ಜನಪ್ರತಿನಿಧಿಯ ತಲೆಯಲ್ಲಿ ನಮ್ಮೂರ ಚರಂಡಿ ತಾನಾಗಿ ಉಳಿಯಲೆಂದು ಬಯಸುವುದು ಹೇಗೆ?

ಇನ್ನೊಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಂಥ ಸಂಜೆ ಬಸ್ತಿಹಳ್ಳಿಯಂಥ ಯಾವ ಊರಿನಲ್ಲಾದರೂ ಸಾಧ್ಯ. ಹಾಲಿನ ಡೇರಿಯ ಮುಂದೆ ಕ್ಯಾನುಗಳ ಸದ್ದು ಅಡಗಿದೆ. ಒಳಗಿನ ದೀಪದ ಕೆಳಗೆ ನಾಲ್ಕೈದು ಜನ: ನಿವೃತ್ತರಾದ ಮೇಷ್ಟ್ರು, ಡೇರಿಯ ಕಾರ್ಯದರ್ಶಿ, ಸ್ತ್ರೀಶಕ್ತಿ ಸಂಘದ ಇಬ್ಬರು ಹೆಂಗಸರು, ಪೆನ್ನು ಹಿಡಿದ ಡಿಗ್ರಿ ಓದುವ ಹುಡುಗಿ. ಬೆಳಿಗ್ಗೆ ಶಾಸಕರನ್ನು ಕಂಡುಬಂದವರೇ ಇವರು.

“ಮಾಡಿಸ್ತೀನಿ ಅಂತ ಬಾಯಲ್ಲೇ ಹೇಳಿದಾರಲ್ಲ ಮೇಷ್ಟ್ರೇ, ಮತ್ತೆ ಬರೆದರೆ ನಂಬಿಕೆ ಇಲ್ಲ ಅಂದ್ಕೊಳಲ್ವಾ?”

“ನಂಬಿಕೆ ಇರೋದಕ್ಕೇ ಬರೆಯೋದು ಕಣಮ್ಮ. ನಂಬಿಕೆ ಇಲ್ಲದಿದ್ರೆ ಹೋಗ್ತಲೇ ಇರ್ಲಿಲ್ಲ. ಅವರು ಹೇಳಿದ್ದು ಇದೇ ತಾನೇ ಅಂತ ಕೇಳಿಕೊಳ್ಳೋದ್ರಲ್ಲಿ ತಪ್ಪೇನಿದೆ? ಬರೀ.”

ಹುಡುಗಿ ಬರೆಯತೊಡಗುತ್ತಾಳೆ. ಎಡಕ್ಕೆ ‘ಇಂದ’, ಅದರ ಕೆಳಗೆ ‘ಗೆ’, ‘ಮಾನ್ಯರೇ’, ‘ವಿಷಯ’, ‘ಉಲ್ಲೇಖ’. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಕಲಿತ ಅರ್ಜಿಯ ಚೌಕಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಉಲ್ಲೇಖದ ಸಾಲಿನಲ್ಲಿ ಭೇಟಿಯ ತಾರೀಕು ಮತ್ತು ಸ್ಥಳ. ಮೊದಲ ಸಾಲಿನಲ್ಲಿ, ಸಮಯ ಕೊಟ್ಟು ಮಾತು ಕೇಳಿದ್ದಕ್ಕೆ ವಂದನೆ. ಅದು ಬರಿಯ ಉಪಚಾರವಲ್ಲ, ಕೇಳಿಸಿಕೊಂಡವರಿಗೆ ಸಲ್ಲಬೇಕಾದದ್ದು. ಮುಂದೆ ವಿಷಯ. ಪಟ್ಟಿ ಉದ್ದವಾದಂತೆ ಓದುವವರ ಗಮನ ತೆಳುವಾಗುತ್ತದೆ, ಆದ್ದರಿಂದ ಹೇಳಿದ್ದರಲ್ಲಿ ಮುಖ್ಯವಾದ ಒಂದೆರಡು ಮಾತ್ರ: ಯಾವ ಕೇರಿಯಿಂದ ಯಾವ ಕೇರಿಯವರೆಗೆ, ಎಷ್ಟು ಮೀಟರು, ಎಷ್ಟು ಮನೆಗಳಿಗೆ ತೊಂದರೆ. ಅದಾದ ಮೇಲೆ ಶಾಸಕರ ಮಾತು: ಇಂಥ ಇಲಾಖೆಯ ಇಂಜಿನಿಯರಿಗೆ ತಿಳಿಸಿ ಅಂದಾಜುಪಟ್ಟಿ ತರಿಸುತ್ತೇನೆಂದು ತಾವು ಹೇಳಿದಿರಿ. ಕೊನೆಗೆ ಮೇಷ್ಟ್ರು ತಡೆದು ತಡೆದು ಹೇಳಿ ಬರೆಸುವ ಒಂದು ಸಾಲು: “ಮೇಲೆ ಬರೆದದ್ದರಲ್ಲಿ ನಾವು ತಪ್ಪಾಗಿ ಗ್ರಹಿಸಿದ್ದೇನಾದರೂ ಇದ್ದರೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇವೆ.”

ಈ ಸಾಲಿನ ಬಲ ದೊಡ್ಡದು. ಇದರಲ್ಲಿ ಆಪಾದನೆಯಿಲ್ಲ, ಒತ್ತಡವಿಲ್ಲ. ತಿದ್ದುವುದಿದ್ದರೆ ಶಾಸಕರು ತಿದ್ದಲಿ. ತಿದ್ದದೆ ಬಿಟ್ಟರೆ ಅಂದು ನಡೆದ ಮಾತಿಗೆ ಇದೇ ದಾಖಲೆಯಾಗಿ ನಿಲ್ಲುತ್ತದೆ. ಭೇಟಿಯಾದ ಒಂದು ವಾರದೊಳಗೆ, ಎರಡೂ ಕಡೆಯವರ ನೆನಪು ಹಸಿಯಾಗಿರುವಾಗಲೇ, ಈ ಪತ್ರ ಹೋಗಬೇಕು. ಶಾಸಕರ ಕಚೇರಿಗೆ ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಮೊಹರು, ತಾರೀಕು, ಸ್ವೀಕೃತಿಯ ಸಹಿ. ಅಂಚೆಯಲ್ಲಿ ಕಳಿಸಿದರೆ ರಸೀದಿ. ಇ-ಮೇಲ್ ಮಾಡಿದರೆ ಅದರ ಮುದ್ರಿತ ಪ್ರತಿ. ಪತ್ರದ ತುದಿಯಲ್ಲಿ ‘ಪ್ರತಿ’ ಎಂದು ಬರೆದು ಸಂಬಂಧಪಟ್ಟ ಅಧಿಕಾರಿಗೂ ಗ್ರಾಮ ಪಂಚಾಯಿತಿಗೂ ಒಂದೊಂದು.

ಯಾರಿಗೆ ಬರೆಯಬೇಕೆಂಬುದನ್ನು ತಿಳಿಯುವುದೂ ಈ ಕೆಲಸದ ದೊಡ್ಡ ಭಾಗ. ಬಸ್ತಿಹಳ್ಳಿ ಅದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿನ ಬಸದಿಗಳು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಹಳೆಯದರ ದುರಸ್ತಿಗೂ ಅನುಮತಿ ಬೇಕು. ಒಂಬೈನೂರು ವರ್ಷದ ಕಲ್ಲು ಉಳಿಯಬೇಕೆಂಬ ಕಾಳಜಿಯೂ ಮಳೆಗೆ ಸೋರುವ ಸೂರು ಗಟ್ಟಿಯಾಗಬೇಕೆಂಬ ಆಸೆಯೂ ಇಲ್ಲಿ ಒಂದೇ ಬೇಲಿಯ ಎರಡು ಬದಿಗಿವೆ.

ಈ ಅಹವಾಲನ್ನು ಶಾಸಕರ ಮುಂದೆ ಎಷ್ಟು ಸಲ ಹೇಳಿದರೂ ಕಾಯ್ದೆ ತಿದ್ದುವ ಅಧಿಕಾರ ವಿಧಾನಸಭೆಗಿಲ್ಲ. ಅದು ಸಂಸತ್ತಿನದು. ಬರೆಯಬೇಕಾದ್ದು ಹಾಸನದ ಲೋಕಸಭಾ ಸದಸ್ಯರಿಗೆ, ರಾಜ್ಯಸಭೆಯ ಸದಸ್ಯರಿಗೆ. ಇದೇ ಕಾಯ್ದೆಗೆ ಇನ್ನೊಂದು ತಿದ್ದುಪಡಿ ತರುವ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಸ್ಮಾರಕಗಳ ಪಕ್ಕದಲ್ಲಿ ಬದುಕುವ ಊರಿನವರ ಅನುಭವ ಕಾಗದದ ಮೇಲೆ ಸೇರಬೇಕಾದ ಜಾಗಗಳು ಇಂಥವೇ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಭಾರತದ 42ನೆಯ ತಾಣವಾಗಿ. ಅಂದಿನಿಂದ ಈ ಸೀಮೆಯ ಕಡೆ ಲೋಕದ ಕಣ್ಣು ಹೆಚ್ಚು ಹೊರಳಿದೆ. ಇಲ್ಲಿ ಬದುಕುವವರ ದನಿಯೂ ಬರವಣಿಗೆಯಲ್ಲಿ ಹೋಗದಿದ್ದರೆ ಅವರ ಪರವಾಗಿ ಬೇರೆಯವರೇ ಮಾತಾಡಿ ಮುಗಿಸುತ್ತಾರೆ.

ಚರಂಡಿ, ಬಸ್ ತಂಗುದಾಣ, ಶಾಲೆಯ ಕೊಠಡಿಗಳ ಕತೆ ಬೇರೆ. ಕರ್ನಾಟಕದಲ್ಲಿ ಪ್ರತಿ ಶಾಸಕರಿಗೂ ಕ್ಷೇತ್ರದ ಕೆಲಸಕ್ಕೆಂದು ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಿದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ. ಕೆಲಸವನ್ನು ಸೂಚಿಸುವುದು ಜನಪ್ರತಿನಿಧಿ, ಮುಂದಿನ ಮಂಜೂರಾತಿ ನಡೆಯುವುದು ಜಿಲ್ಲಾಡಳಿತದಲ್ಲಿ. ಇದು ಗೊತ್ತಿದ್ದವರು ‘ಮಾಡಿಸಿಕೊಡಿ’ ಎಂದಷ್ಟೇ ಬರೆದು ನಿಲ್ಲಿಸುವುದಿಲ್ಲ. ‘ಈ ಕೆಲಸವನ್ನು ತಮ್ಮ ನಿಧಿಯಿಂದ ಸೂಚಿಸಿ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಬೇಕು, ಅದರ ಪ್ರತಿಯನ್ನು ನಮಗೂ ಕೊಡಬೇಕು’ ಎಂದು ಬರೆಯುತ್ತಾರೆ. ಆಗ ಕೇಳಿದ್ದು ಏನೆಂದು ಕೊಡುವವರಿಗೂ ಸ್ಪಷ್ಟವಾಗುತ್ತದೆ, ಕೊಟ್ಟರೋ ಇಲ್ಲವೋ ಎಂದು ಊರಿಗೂ ತಿಳಿಯುತ್ತದೆ.

ಬೀದಿಯಲ್ಲಿ ನಿಂತು ಕೇಳುವುದಕ್ಕೆ ಈ ಸೀಮೆಯವರು ಎಂದೂ ಹಿಂಜರಿದವರಲ್ಲ. ಬೇಲೂರು ಮಲೆನಾಡಿನ ಸೆರಗು. ಅದೇ ತಾಲ್ಲೂಕಿನ ಹಳೇಬೀಡಿಗೆ ಬರುವಷ್ಟರಲ್ಲಿ ಮಳೆ ಕ್ಷೀಣಿಸಿ, ಬಯಲುಸೀಮೆ ಶುರುವಾಗುತ್ತದೆ. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ದ್ವಾರಸಮುದ್ರ ಕೆರೆಯಲ್ಲೂ ಬರಗಾಲದ ವರ್ಷಗಳಲ್ಲಿ ತಳದ ಮಣ್ಣು ಬಿರಿದದ್ದನ್ನು ಊರಿನವರು ಕಂಡಿದ್ದಾರೆ. ಬೇಲೂರಿನ ಬಳಿ ಯಗಚಿ ಹರಿಯುತ್ತದೆ. ಆ ನದಿಯ ರಣಘಟ್ಟ ಒಡ್ಡಿನಿಂದ ದ್ವಾರಸಮುದ್ರಕ್ಕೆ ನೀರು ಹರಿಸಿ ಎಂಬುದು ಹಳೇಬೀಡು, ಮಾದಿಹಳ್ಳಿ, ಜಾವಗಲ್ಲು ಕಡೆಯ ರೈತರ ಬಹುಕಾಲದ ಬೇಡಿಕೆ. ಅದಕ್ಕಾಗಿ ಧರಣಿ ಕೂತರು, ಬಂದ್ ಮಾಡಿದರು. ಪುಷ್ಪಗಿರಿ ಮಠದ ಸೋಮಶೇಖರ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳ್ತನದಲ್ಲಿ ಪಾದಯಾತ್ರೆ ನಡೆದರು. ಮುಖ್ಯಮಂತ್ರಿಗಳು ಬದಲಾದರು, ಸರ್ಕಾರಗಳು ಬದಲಾದವು, ಬೇಡಿಕೆ ಬದಲಾಗಲಿಲ್ಲ. ಕೊನೆಗೆ ಯೋಜನೆಗೆ ಸರ್ಕಾರದ ಒಪ್ಪಿಗೆ ದೊರೆಯಿತು.

ಆ ಹೋರಾಟ ಊರಿಗೆ ಎರಡು ಪಾಠ ಕಲಿಸಿದೆ. ದನಿಯೆತ್ತದೆ ಯಾರ ಕಿವಿಯೂ ತಿರುಗುವುದಿಲ್ಲ ಎಂಬುದು ಒಂದು. ದನಿಗೆ ಓಗೊಟ್ಟು ಸಿಕ್ಕ ಭರವಸೆ ಬಜೆಟ್ಟಿನ ಸಾಲಾಗಿ, ಆದೇಶವಾಗಿ, ಟೆಂಡರಾಗಿ, ಅಗೆದ ನಾಲೆಯಾಗಿ ಇಳಿಯುವವರೆಗಿನ ದಾರಿ ಪಾದಯಾತ್ರೆಗಿಂತ ಉದ್ದ ಎಂಬುದು ಇನ್ನೊಂದು. ಆ ಎರಡನೆಯ ದಾರಿಯಲ್ಲಿ ಮೈಕು, ಬಾವುಟ ಇರುವುದಿಲ್ಲ. ಅಲ್ಲಿ ಜೊತೆಗೆ ನಡೆಯಬೇಕಾದ್ದು ಕಾಗದ.

ಕನ್ನಡ ನಾಡಿಗೆ ಇದರ ಪರಂಪರೆಯೂ ಇದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ತಾಲ್ಲೂಕುಗಳಿಂದ 144 ಜನ ಪ್ರತಿನಿಧಿಗಳು ಬಂದಿದ್ದರು. ದಸರೆಯ ಹೊತ್ತಿಗೆ ವರ್ಷವರ್ಷವೂ ಆ ಸಭೆ ಸೇರುತ್ತಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕೆ ಇರಲಿಲ್ಲ. ಇದ್ದದ್ದು ಕೇಳುವ ಹಕ್ಕು ಮಾತ್ರ. ಆದರೆ ಕೇಳಿದ್ದೂ ಸರ್ಕಾರ ಕೊಟ್ಟ ಉತ್ತರವೂ ನಡವಳಿಯ ಪುಸ್ತಕದಲ್ಲಿ ಅಚ್ಚಾಗುತ್ತಿದ್ದವು. ಕೆರೆಯ ಹೂಳು, ಕಂದಾಯದ ಹೊರೆ, ಊರಿನ ದಾರಿ ಎಂದು ಕೇಳಿದವರ ಮಾತನ್ನು ಇಂದಿಗೂ ಆ ಪುಟಗಳಲ್ಲಿ ಓದಬಹುದು. ಮುಂದಿನ ವರ್ಷ ಅದೇ ಪ್ರತಿನಿಧಿ ಎದ್ದುನಿಂತು ‘ಕಳೆದ ದಸರೆಯಲ್ಲಿ ಹೀಗೆ ಹೇಳಿದ್ದಿರಿ’ ಎನ್ನಲು ಅಚ್ಚಿನ ಆಧಾರ ಇರುತ್ತಿತ್ತು.

ಇಂದಿನ ಶಾಸನಸಭೆಯಲ್ಲಿ ನಮ್ಮ ಪತ್ರಕ್ಕೆ ತೆರೆಯುವ ಬಾಗಿಲುಗಳು ಅದಕ್ಕಿಂತ ಹೆಚ್ಚು. ವಿಧಾನಸಭೆಯ 224 ಮಂದಿ, ವಿಧಾನ ಪರಿಷತ್ತಿನ 75 ಮಂದಿ ಸದಸ್ಯರಲ್ಲಿ ಯಾರೇ ಆಗಲಿ, ಊರಿನ ವಿಷಯವನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ ಮಂತ್ರಿಗಳು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ಬರುತ್ತದೆ. ಸದಸ್ಯರ ಮೂಲಕ ಸದನಕ್ಕೆ ಹೋದ ಅರ್ಜಿಯನ್ನು ಅರ್ಜಿಗಳ ಸಮಿತಿ ನೋಡುತ್ತದೆ. ಮಂತ್ರಿಗಳು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದ ಮಾತುಗಳ ಬೆನ್ನು ಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿಯಿದೆ. ಶಾಸನಸಭೆಯೇ ತನ್ನೊಳಗೆ ಇಂಥದೊಂದು ಸಮಿತಿಯನ್ನು ಇಟ್ಟುಕೊಂಡಿದೆ ಎಂದರೆ, ಆಡಿದ ಮಾತನ್ನು ಬರೆದಿಟ್ಟು ಹಿಂಬಾಲಿಸದಿದ್ದರೆ ಅದು ನಡೆಯುವುದಿಲ್ಲವೆಂಬುದನ್ನು ಆ ಸಭೆಯೂ ಒಪ್ಪಿಕೊಂಡಿದೆ. ಪ್ರಶ್ನೆ ಕೇಳಲು ಸದಸ್ಯರಿಗೆ ಬೇಕಾದ್ದು ಖಚಿತವಾದ ವಿವರ. ಚೆನ್ನಾಗಿ ಬರೆದ ಒಂದು ಪುಟದ ಪತ್ರ ಅದನ್ನು ಅವರ ಕೈಗೇ ಕೊಡುತ್ತದೆ. ಅಧಿವೇಶನಕ್ಕೆ ಮೊದಲು ಅದು ತಲುಪಿದರೆ ಕೆಲಸಕ್ಕೆ ಬರುತ್ತದೆ, ಮುಗಿದ ಮೇಲೆ ತಲುಪಿದರೆ ಮುಂದಿನ ಅಧಿವೇಶನಕ್ಕೆ ಕಾಯಬೇಕು.

ಉತ್ತರ ಬಾರದಿದ್ದರೆ? ತಿಂಗಳ ನಂತರ ನೆನಪೋಲೆ. ಹಳೆಯ ಪತ್ರದ ತಾರೀಕು, ಸ್ವೀಕೃತಿಯ ವಿವರ, ಎರಡೇ ಸಾಲು, ಅದೇ ಸೌಜನ್ಯ. ಶಾಸಕರ ಷರಾ ಹೊತ್ತ ಮನವಿ ಯಾವ ಕಚೇರಿಯ ಯಾವ ಮೇಜಿನಲ್ಲಿದೆ ಎಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಭೇಟಿಯ ತಾರೀಕು, ಪತ್ರದ ತಾರೀಕು ಕೈಯಲ್ಲಿದ್ದವರಿಗೆ ಆ 150 ಪದ ಬೇಕಾದಷ್ಟಾಯಿತು. ಇಲ್ಲದವರಿಗೆ ಸಾವಿರ ಪದ ಕೊಟ್ಟರೂ ಏನನ್ನು ಕೇಳಬೇಕೆಂದು ತೋಚದು.

ಕೆಲಸವಾದ ಮೇಲೂ ಬರೆಯಬೇಕಾದ ಪತ್ರವೊಂದಿದೆ. ಅದನ್ನು ಬರೆಯುವವರು ತೀರ ಕಡಿಮೆ. ‘ತಾವು ಹೇಳಿದಂತೆ ಚರಂಡಿ ಮುಗಿಯಿತು, ಈ ಮಳೆಗಾಲದಲ್ಲಿ ಮನೆಗಳಿಗೆ ನೀರು ನುಗ್ಗಲಿಲ್ಲ, ಊರಿನವರೆಲ್ಲರ ವಂದನೆಗಳು.’ ದೂರುಗಳ ಕಟ್ಟಿನ ನಡುವೆ ಇಂಥದೊಂದು ಕಾಗದ ಕೈಗೆ ಬಂದಾಗ ಜನಪ್ರತಿನಿಧಿಗೆ ಆಗುವ ಸಂತೋಷ ನಿಜವಾದದ್ದು. ಮುಂದಿನ ಸಲ ಅದೇ ಊರಿನಿಂದ ಪತ್ರ ಹೋದಾಗ ಅದು ಕಟ್ಟಿನ ಮೇಲ್ಭಾಗಕ್ಕೆ ಬರುತ್ತದೆ. ಕೇಳಿದ್ದನ್ನು ಬರೆದವರು ಪಡೆದದ್ದನ್ನೂ ಬರೆದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಶಾಸಕರು ಐದು ವರ್ಷಕ್ಕೊಮ್ಮೆ ಬದಲಾಗಬಹುದು. ತಹಶೀಲ್ದಾರರು, ಇಂಜಿನಿಯರುಗಳು ಅದಕ್ಕೂ ಬೇಗ ವರ್ಗವಾಗಿ ಹೋಗುತ್ತಾರೆ. ಮನವಿ ಹಿಡಿದು ಹೋಗಿದ್ದ ಹಿರಿಯರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಾರೆ. ಊರು ಮಾತ್ರ ಅಲ್ಲೇ ಇರುತ್ತದೆ, ಅದರ ಬೇಡಿಕೆಗಳೂ ಅಲ್ಲೇ ಇರುತ್ತವೆ. ಹಾಗಾಗಿ ಊರಿಗೊಂದು ಕಡತ ಬೇಕು. ಪಂಚಾಯಿತಿಯಲ್ಲೋ ಡೇರಿಯಲ್ಲೋ ಗ್ರಂಥಾಲಯದಲ್ಲೋ, ಬೀಗದೊಳಗೆ ಆದರೆ ಕೇಳಿದವರಿಗೆಲ್ಲ ಸಿಗುವಂತೆ. ಹೊಸ ಶಾಸಕರು ಮೊದಲ ಸಲ ಊರಿಗೆ ಕಾಲಿಟ್ಟ ದಿನ ‘ಎಲ್ಲ ಹೊಸದಾಗಿ ಹೇಳಿ’ ಎನ್ನುವ ಸ್ಥಿತಿ ಬರಬಾರದು. ‘ಹಿಂದಿನವರು ಇಲ್ಲಿಯವರೆಗೆ ತಂದಿದ್ದಾರೆ, ಮುಂದಿನದು ತಮ್ಮದು’ ಎಂದು ಕಡತವನ್ನು ಬಿಡಿಸಿ ತೋರಿಸುವಂತಿರಬೇಕು.

ಅದನ್ನು ಶುರುಮಾಡಲು ಸಂಘ ಕಟ್ಟಬೇಕಿಲ್ಲ, ದುಡ್ಡು ಕೂಡಿಸಬೇಕಿಲ್ಲ. ಈ ವಾರ ನಿಮ್ಮ ಊರಿನವರು ಯಾರಾದರೂ ಶಾಸಕರನ್ನೋ ಸಂಸದರನ್ನೋ ಕಂಡು ಬಂದಿದ್ದರೆ ಅವರನ್ನು ಕೂರಿಸಿಕೊಳ್ಳಿ. ಏನು ಕೇಳಿದಿರಿ, ಏನೆಂದರು ಎಂದು ವಿಚಾರಿಸಿ. ಬರೆಯಲು ಬರುವ ಹುಡುಗ ಹುಡುಗಿಯರನ್ನು ಕರೆದು ಪಕ್ಕದಲ್ಲಿ ಕೂರಿಸಿ, ಪತ್ರವನ್ನು ಅವರಿಂದಲೇ ಬರೆಸಿ, ಹಿರಿಯರು ಸಹಿ ಮಾಡಿ. ಎರಡು ಪ್ರತಿ ತೆಗೆಯಿರಿ. ಒಂದನ್ನು ಮಾತು ಕೊಟ್ಟವರಿಗೆ ಕಳಿಸಿ, ಇನ್ನೊಂದನ್ನು ಆ ಮಕ್ಕಳ ಕೈಗೆ ಕೊಡಿ. ನೆನಪೋಲೆ ಬರೆಯುವ ತಾರೀಕನ್ನು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.